ಸುಂದರ ಆಚಾರ್ಯರ ಮೂರು ದಾಳ

ಬೈಲೂರಿನ ಕಮ್ಮಾರ ಸುಂದರ ಆಚಾರ್ಯರಿಗೆ ಐವತ್ತೆಂಟು ತುಂಬಿದ ವರ್ಷ ಬಲಗೈಯ ಬೆರಳುಗಳು ಜೋಮು ಹಿಡಿಯತೊಡಗಿದವು. ಮೊದಮೊದಲು ಬೆಳಿಗ್ಗೆ ಎದ್ದಾಗ ಮಾತ್ರ ಹಾಗಾಗುತ್ತಿತ್ತು. ಕೈ ಕೊಡವಿದರೆ ಸರಿಹೋಗುತ್ತಿತ್ತು. ಆಮೇಲೆ ಬಸ್ಸಿನ ಕಂಬಿ ಹಿಡಿದಾಗ, ಅಂಗಿಯ ಗುಂಡಿ ಹಾಕುವಾಗಲೂ ಬೆರಳುಗಳು ತನ್ನವಲ್ಲ ಅನ್ನಿಸತೊಡಗಿತು. ಕೊನೆಗೊಂದು ಮಧ್ಯಾಹ್ನ ಹಾರೆಯ ಬಾಯಿ ತಟ್ಟುತ್ತಿದ್ದಾಗ ಸುತ್ತಿಗೆ ಮುಷ್ಟಿಯಿಂದ ಕಳಚಿಕೊಂಡು ಹೋಗಿ ಗೋಡೆ ಬದಿಯ ನೀರಿನ ತೊಟ್ಟಿಗೆ ಬಿತ್ತು. ಆಚಾರ್ಯರು ಖಾಲಿ ಕೈಯನ್ನು ನೋಡುತ್ತ ನಿಂತುಬಿಟ್ಟರು. ಶಬ್ದ ಕೇಳಿ ಓಡಿ ಬಂದ ಹೆಂಡತಿ ಬೇಬಿ, "ಇನ್ನು ನಿಮ್ಮ ಮಾತು ಕೇಳುವುದಿಲ್ಲ" ಎಂದು ಅಲ್ಲೇ ನಿಂತು ಚೈತಾಲಿಗೆ ಫೋನು ಮಾಡಿದರು.

ಚೈತಾಲಿ ಆಚಾರ್ಯರ ತಂಗಿಯ ಮಗಳು. ಹೆಬ್ರಿಯವಳು, ಈಗ ಮಣಿಪಾಲದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಮಾವನನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದವಳೂ ಅವಳೇ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದರು, ಸಣ್ಣದೊಂದು ಆಪರೇಷನ್ ಆಯಿತು. ಆರು ತಿಂಗಳು ಸುತ್ತಿಗೆ ಮುಟ್ಟಬಾರದು, ವಾರಕ್ಕೊಮ್ಮೆ ಬಂದು ಕೈಗೆ ವ್ಯಾಯಾಮ ಮಾಡಿಸಿಕೊಳ್ಳಬೇಕು ಎಂದು ಡಾಕ್ಟರರು ಹೇಳಿದಾಗ ಆಚಾರ್ಯರು ತಲೆಯಾಡಿಸಿದರು. ಹದಿನೆಂಟನೇ ವಯಸ್ಸಿನಿಂದ ಕುಲುಮೆಯ ಎದುರು ಕೂತವರಿಗೆ ಆರು ತಿಂಗಳು ಎಂದರೆ ಎಷ್ಟು ಉದ್ದ ಎಂಬುದು ಮನೆಗೆ ಬಂದು ತಣ್ಣಗಿನ ಒಲೆಯನ್ನು ನೋಡಿದಾಗಲೇ ತಿಳಿದದ್ದು.

ಹಾಗೆ ಶನಿವಾರ ಬಂತೆಂದರೆ ಅವರು ಬೈಲೂರಿನಲ್ಲಿ ಬಸ್ಸು ಹತ್ತಿ ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲಕ್ಕೆ ಬರುತ್ತಿದ್ದರು. ಕ್ಲಿನಿಕ್ಕು ಮಧ್ಯಾಹ್ನಕ್ಕೆ ಮುಚ್ಚುತ್ತಿತ್ತು. ವ್ಯಾಯಾಮ ಮುಗಿಸಿ ಚೈತಾಲಿ ಅವರನ್ನು ಈಶ್ವರನಗರದ ತನ್ನ ಬಾಡಿಗೆ ಮನೆಗೆ ಕರೆದುಕೊಂಡು ಹೋಗಿ ಊಟ ಹಾಕುತ್ತಿದ್ದಳು. ನಾಲ್ಕೂವರೆಯ ಬಸ್ಸಿಗೆ ಇನ್ನೂ ಹೊತ್ತಿರುತ್ತಿತ್ತು. ಆ ಹೊತ್ತಿನಲ್ಲೇ ಅಲ್ಲಿ ಆಟ ಶುರುವಾಗುತ್ತಿತ್ತು.

ಅದು ಎಂಥ ಆಟ ಎಂದು ಆಚಾರ್ಯರಿಗೆ ಅರ್ಥವಾಗಲು ಮೂರು ಶನಿವಾರ ಹಿಡಿಯಿತು. ಮನೆಯಲ್ಲಿ ಚೈತಾಲಿಯ ಜೊತೆ ಇರುವ ಮೆಲಿಷಾ ಎಂಬ ಎಂ.ಕಾಂ. ಓದುವ ಹುಡುಗಿ, ಕಾಪುವಿನಿಂದ ಸ್ಕೂಟರಿನಲ್ಲಿ ಬರುವ ಬ್ರಯಾನ್, ಮತ್ತೆ ಚೈತಾಲಿ, ಮೂವರೂ ಊಟದ ಮೇಜಿನ ಸುತ್ತ ಕೂರುತ್ತಿದ್ದರು. ಚೈತಾಲಿ ಕಥೆ ಹೇಳುವವಳು. ಒಂದು ರಾಜ್ಯ, ಅಲ್ಲಿ ಕಾಡು, ಹೊಳೆ, ರಾಕ್ಷಸರು. ಉಳಿದಿಬ್ಬರು ಆ ಕಥೆಯೊಳಗಿನ ಮನುಷ್ಯರು. ಮೆಲಿಷಾ ಮದ್ದು ಅರೆಯುವ ಹೆಂಗಸು, ಬ್ರಯಾನ್ ಕಮ್ಮಾರ. "ನಾನು ಹೊಳೆ ಹಾರುತ್ತೇನೆ" ಎಂದು ಒಬ್ಬರು ಹೇಳಿದರೆ ಸಾಲದು, ಹಾರಿದರೋ ನೀರಿಗೆ ಬಿದ್ದರೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ಹೇಳುತ್ತಿತ್ತು. ದೊಡ್ಡವರಾದ ಮೂರು ಮಂದಿ ಇಷ್ಟು ಶ್ರದ್ಧೆಯಿಂದ ಸುಳ್ಳು ಹೊಳೆ ಹಾರುವುದನ್ನು ಕಂಡು ಆಚಾರ್ಯರಿಗೆ ಮೊದಲು ನಗು ಬರುತ್ತಿತ್ತು. ಆಮೇಲೆ, ಬಿದ್ದನಾ ಹಾರಿದನಾ ಎಂದು ತಾನೂ ಕುತ್ತಿಗೆ ಚಾಚಿ ನೋಡುವ ಅಭ್ಯಾಸವಾಯಿತು.

ಬ್ರಯಾನ್ ನಿಜಜೀವನದಲ್ಲಿ ಹಲ್ಲು ಮಾಡುವವನು. ಡೆಂಟಲ್ ಲ್ಯಾಬ್ ಒಂದರಲ್ಲಿ ಕೂತು, ಯಾರದೋ ಬಾಯಿಗೆ ಹೊಂದುವ ಪಿಂಗಾಣಿಯ ಹಲ್ಲುಗಳನ್ನು ಕೆತ್ತಿ ಬಣ್ಣ ಹಚ್ಚುವ ಕೆಲಸ. ಆಟದಲ್ಲಿ ಮಾತ್ರ ಅವನಿಗೆ ಕಮ್ಮಾರನೇ ಆಗಬೇಕು. ಎಂಟು ವಾರದಿಂದ ಅವನೂ ಮೆಲಿಷಾಳೂ ಗುಡ್ಡ ಹತ್ತಿ, ಗುಹೆ ಹೊಕ್ಕು, ಆಕಾಶದಿಂದ ಬಿದ್ದ ಒಂದು ಕಬ್ಬಿಣದ ತುಂಡನ್ನು ಹೊತ್ತು ತಂದಿದ್ದರು. ಅದರಿಂದ ಅವನೊಂದು ಅಸಾಮಾನ್ಯ ಕತ್ತಿ ಮಾಡಬೇಕು. ಆಟದ ನಿಯಮ ಹೀಗಿತ್ತು: ದಾಳದಲ್ಲಿ ಇಪ್ಪತ್ತು ಬಿದ್ದರೆ ಕತ್ತಿ ಅಸಾಮಾನ್ಯ. ನಡುವಿನದು ಬಿದ್ದರೆ ಸಾದಾ. ಒಂದು ಬಿದ್ದರೆ ಕಬ್ಬಿಣವೇ ಹಾಳು.

ನಾಲ್ಕನೆಯ ಶನಿವಾರ ಬ್ರಯಾನ್ ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿ ದಾಳ ಉರುಳಿಸಿದ. ಒಂದು ಬಿತ್ತು.

"ಹೋಯ್ತು!" ಎಂದ ಬ್ರಯಾನ್. "ಎಂಟು ವಾರ ಮಾರಾಯ್ತಿ, ಎಂಟು ವಾರ!"

"ನಾನೆಂತ ಮಾಡ್ಲಿ? ದಾಳ ಬಿದ್ದದ್ದು ಹಾಗೆ" ಎಂದಳು ಚೈತಾಲಿ. ಅವಳಿಗೂ ಬೇಸರವಾಗಿತ್ತು.

ಕಿಟಕಿಯ ಹತ್ತಿರ ಬಿಸಿನೀರಿನ ಬೋಗುಣಿಯಲ್ಲಿ ಕೈ ಮುಳುಗಿಸಿ ಕೂತಿದ್ದ ಆಚಾರ್ಯರಿಗೆ ತಡೆಯಲಾಗಲಿಲ್ಲ. "ಅಲ್ಲ ಮಗಾ" ಎಂದರು, "ಇವನು ಕಥೆಯಲ್ಲಿ ಎಷ್ಟು ವರ್ಷದ ಕಮ್ಮಾರ?"

"ಇಪ್ಪತ್ತು ವರ್ಷದವನು, ಮಾವ."

"ಇಪ್ಪತ್ತು ವರ್ಷ ಕೆಲಸ ಮಾಡಿದವನ ಕೈಯಲ್ಲಿ ಇಪ್ಪತ್ತಕ್ಕೊಂದು ಹಾಳಾಗ್ತದಾ? ಹಾಗಾದರೆ ಅವನ ಹತ್ತಿರ ಯಾರು ಬರ್ತಾರೆ? ನಾನು ತಿಂಗಳಿಗೆ ನಲವತ್ತು ಹತ್ಯಾರು ಮಾಡ್ತಿದ್ದೆ. ಎರಡು ಹಾಳಾಗಿದ್ದರೆ ಬೈಲೂರಿನವರು ನನ್ನನ್ನು ಅಟ್ಟಿಬಿಡ್ತಿದ್ದರು. ಮತ್ತೆ ಇಪ್ಪತ್ತಕ್ಕೊಂದು ಅಸಾಮಾನ್ಯ ಅಂತೆ! ತಿಂಗಳಿಗೆ ಎರಡು ಅಂಥದ್ದು ಬಂದಿದ್ದರೆ ನಾನು ಈ ಬೋಗುಣಿಯಲ್ಲಿ ಕೈ ಹಾಕಿಕೊಂಡು ಕೂತಿರ್ತಿದ್ದೆನಾ?"

ಮೂವರೂ ಅವರತ್ತ ತಿರುಗಿದರು. ಮೆಲಿಷಾ ತನ್ನ ಕುರ್ಚಿಯನ್ನೇ ಅವರತ್ತ ಎಳೆದುಕೊಂಡಳು. "ಮತ್ತೆ ಹೇಗಾಗ್ತದೆ ಅಂಕಲ್? ನಿಜವಾಗಿ?"

ಆಚಾರ್ಯರು ಒದ್ದೆ ಕೈ ಒರೆಸಿಕೊಂಡು ಹೇಳಿದರು. ಕತ್ತಿಯೊಂದು ಕೆಡುವ ಜಾಗಗಳು ಮೂರು. ಕಾಯಿಸುವಾಗ, ಬಡಿಯುವಾಗ, ನೀರಿಗೆ ಅದ್ದುವಾಗ. ಒಂದರಲ್ಲಿ ಸ್ವಲ್ಪ ಕಡಿಮೆಯಾದರೆ ಇನ್ನೊಂದರಲ್ಲಿ ಸರಿಮಾಡಿಕೊಳ್ಳಬಹುದು. ಮೂರರಲ್ಲೂ ಚೆನ್ನಾಗಿ ಬಂದದ್ದು ಅಪರೂಪ. ಮೂರರಲ್ಲೂ ಕೆಟ್ಟದ್ದು ಅದಕ್ಕಿಂತ ಅಪರೂಪ. ಬಹುಪಾಲು ನಡುವಿನವು. ನಡುವಿನ ಕತ್ತಿಗಳಿಂದಲೇ ಊರಿನ ಕೆಲಸ ನಡೆಯುವುದು.

"ಹಾಗಾದರೆ ಒಂದು ದಾಳ ಅಲ್ಲ" ಎಂದಳು ಮೆಲಿಷಾ. ಅವಳು ಆಗಲೇ ಪೆನ್ನು ಹಿಡಿದಿದ್ದಳು. "ಮೂರು ದಾಳ. ಆರು ಮುಖದ್ದು. ಮೂರನ್ನೂ ಕೂಡಿಸಬೇಕು."

ಅಡುಗೆಮನೆಯಿಂದ ನೆಲಗಡಲೆಯ ಡಬ್ಬಿ ಬಂತು. ಮೂರು ದಾಳಗಳು ಬೀಳಬಹುದಾದ ರೀತಿಗಳು ಒಟ್ಟು ಇನ್ನೂರ ಹದಿನಾರು ಎಂದು ಮೆಲಿಷಾ ಹೇಳಿದಳು. ಒಂದೊಂದು ರೀತಿಗೆ ಒಂದೊಂದು ಕಡಲೆ. ಮೊತ್ತ ಮೂರು ಬರಬೇಕಾದರೆ ಮೂರೂ ದಾಳದಲ್ಲಿ ಒಂದು ಬೀಳಬೇಕು. ಅಲ್ಲಿಗೆ ಒಂದೇ ಒಂದು ಕಡಲೆ. ನಾಲ್ಕಕ್ಕೆ ಮೂರು. ಐದಕ್ಕೆ ಆರು. ಹತ್ತಕ್ಕೂ ಹನ್ನೊಂದಕ್ಕೂ ಇಪ್ಪತ್ತೇಳಿಪ್ಪತ್ತೇಳು. ಮತ್ತೆ ಇಳಿಯುತ್ತ ಹೋಗಿ ಹದಿನೆಂಟಕ್ಕೆ ಪುನಃ ಒಂದು. ಎಲ್ಲ ಇಟ್ಟು ಮುಗಿದಾಗ ಮೇಜಿನ ಮೇಲೆ ಕಡಲೆಯ ಒಂದು ಗುಡ್ಡ ಎದ್ದಿತ್ತು. ಒಂಬತ್ತರಿಂದ ಹನ್ನೆರಡರ ಒಳಗೇ ಹತ್ತಿರ ಹತ್ತಿರ ಅರ್ಧ ಕಡಲೆ ಕೂತಿತ್ತು.

"ಇದು!" ಎಂದರು ಆಚಾರ್ಯರು. "ನನ್ನ ನಲವತ್ತು ವರ್ಷ ಹೀಗೇ ಉಂಟು."

ಆ ದಿನ ನಾಲ್ಕೂವರೆಯ ಬಸ್ಸು ತಪ್ಪಿ ಅವರು ಐದೂಕಾಲರ ಬಸ್ಸಿಗೆ ಹೋದರು. ಹೊರಡುವಾಗ ಚೈತಾಲಿ ಮೂರು ದಾಳಗಳನ್ನು ಅವರ ಜೇಬಿಗೆ ಹಾಕಿದಳು. ಬೆರಳ ತುದಿಯಲ್ಲಿ ಹೆಕ್ಕಬೇಕು, ಮುಷ್ಟಿಯಲ್ಲಿ ಅಲುಗಿಸಬೇಕು, ಬಿಡಬೇಕು. ದಿನಕ್ಕೆ ಮೂವತ್ತಾರು ಸಲ, ಆರು ದಿನ. "ಕೈಗೂ ಆಯ್ತು, ಇನ್ನೂರ ಹದಿನಾರೂ ಆಯ್ತು" ಎಂದಳು.

ಬೇಬಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಜಗಲಿಯಲ್ಲಿ ಕೂತು ದಾಳ ಉರುಳಿಸುವ ಗಂಡನನ್ನು ದಾರಿಹೋಕರು ಕಂಡರೆ ಎಂತ ಹೇಳಿಯಾರು? ಮೊದಲ ದಿನ ಒಳಮನೆಗೆ ಅಟ್ಟಿದರು. ಎರಡನೆಯ ದಿನ, ಎಡಗೈಯಲ್ಲಿ ಅಂಕಿ ಬರೆಯಲು ಗಂಡ ಒದ್ದಾಡುವುದನ್ನು ನೋಡಲಾಗದೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾವೇ ಬರೆಯತೊಡಗಿದರು. ನಾಲ್ಕನೆಯ ದಿನ ಮೂರು ಆರು ಒಟ್ಟಿಗೆ ಬಿದ್ದಾಗ "ಬಂತು, ಬಂತು!" ಎಂದು ಕೂಗಿದ್ದೂ ಅವರೇ. ಆ ಆರು ದಿನಗಳಲ್ಲಿ ಆಪರೇಷನ್ ಆದ ಮೇಲೆ ಮೊದಲ ಸಲ ಆ ಮನೆಯಲ್ಲಿ ಗಂಡ ಹೆಂಡತಿ ಅಷ್ಟು ಮಾತಾಡಿದ್ದು.

ಮುಂದಿನ ಶನಿವಾರ ಆಚಾರ್ಯರು ಕ್ಯಾಲೆಂಡರ್ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಮೂರು ಆರು ಎರಡು ಸಲ ಬಿದ್ದಿತ್ತು. ಒಂಬತ್ತರಿಂದ ಹನ್ನೆರಡರವರೆಗಿನವು ನೂರಾ ಒಂದು ಸಲ. ಮೂರು ಒಂದು ಮಾತ್ರ ಬೀಳಲೇ ಇಲ್ಲ.

"ಇನ್ನೂರ ಹದಿನಾರಕ್ಕೆ ಒಂದು ಅಂತ ಹೇಳಿದ್ದೆಯಲ್ಲ?" ಎಂದು ಅವರು ಮೆಲಿಷಾಳನ್ನು ಕೇಳಿದರು.

"ಒಂದು ಬರಲೇಬೇಕು ಅಂತ ಇಲ್ಲ ಅಂಕಲ್. ಇನ್ನೂರ ಹದಿನಾರು ಸಲ ಹಾಕಿದರೂ ಒಂದೂ ಬಾರದಿರುವ ಸಾಧ್ಯತೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಉಂಟು. ಬಾರದೇ ಹೋಗಬಹುದು, ಮೊದಲ ಸಲವೇ ಬರಬಹುದು. ದಾಳಕ್ಕೆ ಹಿಂದೆ ಬಿದ್ದದ್ದು ನೆನಪಿರುವುದಿಲ್ಲ."

ಆಚಾರ್ಯರು ಹೂಂ ಎಂದರು. ಚೈತಾಲಿ ಹೊಸ ನಿಯಮ ಬರೆದಿದ್ದಳು: ಮೂರು ದಾಳದ ಮೊತ್ತ ಹದಿನೆಂಟಾದರೆ ಅಸಾಮಾನ್ಯ, ಮೂರಾದರೆ ಹಾಳು, ನಡುವಿನದು ಸಾದಾ. ಬ್ರಯಾನನ ಕಮ್ಮಾರನಿಗೆ ಪಾಠ ಹೇಳುವ ಒಬ್ಬ ಮುದಿ ಕಮ್ಮಾರನನ್ನೂ ಕಥೆಗೆ ತಂದಿದ್ದಳು. ಆ ಮುದುಕನ ಪರವಾಗಿ ದಾಳ ಹಾಕಲು ಮಾವನನ್ನೇ ಕರೆದಳು. ಅವರು ಮೇಜಿನ ಹತ್ತಿರ ಬಂದು ಕೂತು, ಬೆರಳ ತುದಿಯಿಂದ ದಾಳ ಹೆಕ್ಕಿ, ಮುಷ್ಟಿಯಲ್ಲಿ ಅಲುಗಿಸಿ ಬಿಟ್ಟರು. ನಾಲ್ಕು, ಎರಡು, ಐದು. ಹನ್ನೊಂದು.

"ಛೇ, ಸಾದಾ" ಎಂದ ಬ್ರಯಾನ್.

"ಹನ್ನೊಂದಕ್ಕೆ ಎಂತ ಆಗಿದೆ?" ಎಂದರು ಆಚಾರ್ಯರು. "ಹನ್ನೊಂದರಲ್ಲೇ ನಾನು ಎರಡು ಹೆಣ್ಣುಮಕ್ಕಳ ಮದುವೆ ಮಾಡಿದ್ದು."

ಎಲ್ಲರೂ ನಕ್ಕರು. ಆಮೇಲೆ ಚರ್ಚೆ ಶುರುವಾಯಿತು. ಪಳಗಿದ ಕಮ್ಮಾರನಿಗೂ ಹೊಸಬನಿಗೂ ವ್ಯತ್ಯಾಸ ಬೇಡವೇ? ಮೆಲಿಷಾ ಒಂದು ಉಪಾಯ ಹೇಳಿದಳು. ಪಳಗಿದವನು ನಾಲ್ಕು ದಾಳ ಹಾಕಲಿ, ಎಲ್ಲಕ್ಕಿಂತ ಕಡಿಮೆ ಬಿದ್ದದ್ದನ್ನು ಬಿಟ್ಟು ಉಳಿದ ಮೂರನ್ನು ಕೂಡಿಸಲಿ. ಹಾಗೆ ಮಾಡಿದರೆ ಹದಿನೆಂಟು ಬರುವುದು ಹೆಚ್ಚುಕಡಿಮೆ ಅರುವತ್ತೆರಡಕ್ಕೆ ಒಂದು ಸಲ. ಪೂರ್ತಿ ಹಾಳಾಗಬೇಕಾದರೆ ನಾಲ್ಕೂ ದಾಳದಲ್ಲಿ ಒಂದು ಬೀಳಬೇಕು; ಅದು ಸಾವಿರದ ಇನ್ನೂರ ತೊಂಬತ್ತಾರಕ್ಕೆ ಒಂದು ಸಲ.

"ಅದನ್ನೂ ತೆಗೆದುಬಿಡುವ" ಎಂದ ಬ್ರಯಾನ್. "ಸಾವಿರದ ಮುನ್ನೂರಕ್ಕೆ ಒಂದು ಅಂದರೆ ಯಾವತ್ತೂ ಬರುವುದಿಲ್ಲ. ಪಳಗಿದವನಿಗೆ ಪೂರ್ತಿ ಹಾಳಾಗುವುದೇ ಇಲ್ಲ ಅಂತ ಬರೆ."

ಚೈತಾಲಿ ಪೆನ್ನು ಎತ್ತಿದಳು.

"ಬೇಡ. ಅದು ಇರಲಿ" ಎಂದರು ಆಚಾರ್ಯರು.

ಅವರ ದನಿ ಬೇರೆಯಾಗಿತ್ತು. ಬ್ರಯಾನ್, "ಯಾಕೆ ಅಂಕಲ್? ನಿಮ್ಮ ಕೈಯಲ್ಲಿ ಹಾಗೆ ಆದದ್ದುಂಟಾ?" ಎಂದು ಸುಮ್ಮನೆ ಕೇಳಿದ. ಆಚಾರ್ಯರು ಕೈಯಲ್ಲಿದ್ದ ದಾಳಗಳನ್ನು ಮೇಜಿನ ಮೇಲಿಟ್ಟು ಹೇಳತೊಡಗಿದರು.

ಸುಂದರ ಆಚಾರ್ಯರ ಹೆಸರು ಒಂದು ಕಾಲಕ್ಕೆ ಹಾರೆ, ಪಿಕ್ಕಾಸಿನಿಂದ ಬಂದದ್ದಲ್ಲ, ಮೂರ್ತೆ ಕತ್ತಿಯಿಂದ ಬಂದದ್ದು. ತೆಂಗು, ತಾಳೆಯ ಮರ ಹತ್ತಿ ಕಳ್ಳು ಇಳಿಸುವವರು ಹೊಂಬಾಳೆಯ ತುದಿಯನ್ನು ದಿನಾ ಎಲೆಯಷ್ಟು ತೆಳ್ಳಗೆ ಕೆತ್ತುವ ಕತ್ತಿ ಅದು. ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯಿಂದ ಅವರು ಮಾಡುತ್ತಿದ್ದ ಕತ್ತಿಗೆ ಕಾಪು, ಪಡುಬಿದ್ರಿಯಿಂದಲೂ ಮೂರ್ತೆದಾರರು ಹುಡುಕಿಕೊಂಡು ಬರುತ್ತಿದ್ದರು. ಸಾವಿರಕ್ಕೆ ಕಡಿಮೆ ಮಾಡಿರಲಿಕ್ಕಿಲ್ಲ. ಹನ್ನೊಂದು ವರ್ಷದ ಹಿಂದೆ ಅವುಗಳಲ್ಲಿ ಒಂದು, ಮರದ ಮೇಲೆ, ಹಿಡಿಯ ಬುಡದಲ್ಲಿ ತುಂಡಾಯಿತು. ತುಂಡಾದ ಅಲಗು ಜಾರಿ, ಹೊಂಬಾಳೆ ಹಿಡಿದಿದ್ದ ಎಡಗೈಯ ಎರಡು ಬೆರಳುಗಳನ್ನು ಕೊಂಡುಹೋಯಿತು. ಆ ಮನುಷ್ಯ ಪಾಂಗಾಳದ ಶೀನ ಪೂಜಾರಿ. ಮತ್ತೆ ಅವನು ಮರ ಹತ್ತಲಿಲ್ಲ.

"ತುಂಡನ್ನು ಯಾರೋ ನನಗೆ ತಂದು ಕೊಟ್ಟರು" ಎಂದರು ಆಚಾರ್ಯರು. "ಮುರಿದ ಜಾಗ ನೋಡಿದೆ. ಒಳ್ಳೆ ಉಕ್ಕು ಮುರಿದರೆ ಒಳಗೆ ನುಣ್ಣಗೆ, ಬೂದಿಯ ಹಾಗೆ ಇರಬೇಕು. ಅದು ದಪ್ಪ ರವೆಯ ಹಾಗೆ ಹೊಳೆಯುತ್ತಿತ್ತು. ಕಾವು ಹೆಚ್ಚಾಗಿತ್ತು. ಕಾವು ಹೆಚ್ಚಾದದ್ದು ನನಗೆ ಗೊತ್ತಾಗಲಿಲ್ಲ, ಬಡಿಯುವಾಗಲೂ ಗೊತ್ತಾಗಲಿಲ್ಲ, ನೀರಿಗೆ ಹಾಕುವಾಗಲೂ ಗೊತ್ತಾಗಲಿಲ್ಲ. ಯಾವ ದಿವಸ ಮಾಡಿದ್ದು ಅಂತ ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ."

"ಅವರನ್ನು ಕಂಡು ಮಾತಾಡಿದ್ರಾ, ಮಾವ?" ಎಂದು ಚೈತಾಲಿ ಮೆಲ್ಲಗೆ ಕೇಳಿದಳು. ಈ ಕಥೆ ಅವಳಿಗೂ ಗೊತ್ತಿರಲಿಲ್ಲ.

"ಆಸ್ಪತ್ರೆಯ ವಾರ್ಡಿನ ಬಾಗಿಲ ತನಕ ಹೋಗಿದ್ದೆ. ಕೈಗೆ ಬಟ್ಟೆ ಸುತ್ತಿ ಮಲಗಿದ್ದ. ಹಾಗೇ ಹಿಂದೆ ಬಂದೆ. ಆಮೇಲೆ ಮೂರ್ತೆ ಕತ್ತಿ ಮಾಡಲಿಲ್ಲ."

ಬ್ರಯಾನ್ ಹುಬ್ಬು ಗಂಟು ಹಾಕಿ ಏನನ್ನೋ ನೆನಪಿಸಿಕೊಳ್ಳುತ್ತಿದ್ದ. "ಅಂಕಲ್, ಪಾಂಗಾಳದ ಶೀನಣ್ಣ ಅಂದರೆ ಕಾಪು ಬೀಚಿಗೆ ಹೋಗುವ ದಾರಿಯಲ್ಲಿ ಬೊಂಡ ಮಾರುವ ಶೀನಣ್ಣನಾ? ಎಡಗೈಯಲ್ಲಿ ಮೂರೇ ಬೆರಳು ಇರುವವರು? ನಾನು ಆದಿತ್ಯವಾರ ಚರ್ಚಿನಲ್ಲಿ ಪೂಜೆ ಬಿಟ್ಟ ಮೇಲೆ ಅವರ ಹತ್ತಿರವೇ ಬೊಂಡ ಕುಡಿಯುವುದು."

ಹನ್ನೊಂದು ವರ್ಷ ಆಚಾರ್ಯರು ಮನಸ್ಸಿನಲ್ಲಿ ಶೀನನನ್ನು ಆ ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಇಟ್ಟುಕೊಂಡಿದ್ದರು. ಅವನು ಎದ್ದು ಎಳನೀರಿನ ಅಂಗಡಿ ಇಟ್ಟು ಬೊಂಡ ಕೆತ್ತುತ್ತಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

"ನಾಳೆ ಆದಿತ್ಯವಾರ" ಎಂದ ಬ್ರಯಾನ್. "ಬರ್ತೀರಾ? ನಾನು ಬೈಲೂರಿಗೆ ಬಂದು ಕರೆದುಕೊಂಡು ಹೋಗ್ತೇನೆ."

ಬೇಡ ಎಂದೇ ಆಚಾರ್ಯರು ಹೇಳಿದ್ದು. ಮನೆಗೆ ಹೋಗಿ ಬೇಬಿಗೆ ಹೇಳಿದಾಗ ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ, "ನಾನು ಎರಡು ಸಲ ಆಸ್ಪತ್ರೆಗೆ ಹೋಗಿ ನೋಡಿ ಬಂದಿದ್ದೇನೆ, ಆಗ. ನಿಮಗೆ ಹೇಳಿದರೆ ಊಟ ಬಿಡ್ತೀರಿ ಅಂತ ಹೇಳಲಿಲ್ಲ" ಎಂದರು. ಆಮೇಲೆ ಎದ್ದು ಹೋಗಿ ಅವರ ಬಿಳಿ ಅಂಗಿಗೆ ಇಸ್ತ್ರಿ ಹಾಕಿದರು. ಆಚಾರ್ಯರು ಬ್ರಯಾನನಿಗೆ ಫೋನು ಮಾಡಿದರು.

ಮರುದಿನ ಕಾಪುವಿನಲ್ಲಿ ದೀಪಸ್ತಂಭ ದೂರದಿಂದ ಕಾಣುವಷ್ಟರಲ್ಲಿ ಬ್ರಯಾನ್ ಸ್ಕೂಟರ್ ನಿಲ್ಲಿಸಿದ. ನೀಲಿ ಟಾರ್ಪಾಲಿನ ಕೆಳಗೆ ಬೊಂಡದ ರಾಶಿ, ಒಂದು ಬೆಂಚು. ತಲೆಗೆ ಮುಂಡಾಸು ಸುತ್ತಿದ ಮನುಷ್ಯ ಮೂರು ಬೆರಳಲ್ಲಿ ಬೊಂಡವನ್ನು ಅಂಗೈಗೆ ಒತ್ತಿ ಹಿಡಿದು ಕೆತ್ತುತ್ತಿದ್ದ. ಸ್ಕೂಟರಿನಿಂದ ಇಳಿದವರನ್ನು ಒಮ್ಮೆ ನೋಡಿದ, ಕೆತ್ತುವುದನ್ನು ನಿಲ್ಲಿಸಲಿಲ್ಲ. ಎದುರಿದ್ದ ಗಿರಾಕಿಗೆ ಬೊಂಡ ಕೊಟ್ಟು, ಕತ್ತಿ ಕೆಳಗಿಟ್ಟು, ಆಮೇಲೆ ಹೇಳಿದ:

"ಬನ್ನಿ ಆಚಾರ್ರೇ. ಕೂತುಕೊಳ್ಳಿ."

ಆಚಾರ್ಯರು ಕೂರಲಿಲ್ಲ.

"ಕೈಗೆ ಎಂತ ಆಗಿದೆ?" ಎಂದು ಶೀನ ಪೂಜಾರಿಯೇ ಕೇಳಿದ. ಮಣಿಕಟ್ಟಿನ ಗಾಯದ ಗೆರೆ ಅವನ ಕಣ್ಣಿಗೆ ಬಿದ್ದಿತ್ತು.

"ನರದ ತೊಂದರೆ. ಸುತ್ತಿಗೆ ಹಿಡಿಯಲಿಕ್ಕೆ ಆಗುವುದಿಲ್ಲ ಈಗ." ಆಚಾರ್ಯರು ಕೈ ಇಳಿಬಿಟ್ಟರು. "ಪೂಜಾರ್ರೇ, ಆ ಕತ್ತಿ..."

"ಕತ್ತಿ ತುಂಡಾಯಿತು. ಕಬ್ಬಿಣ ಅಲ್ವಾ, ತುಂಡಾಗ್ತದೆ. ನಿಮ್ಮ ಹತ್ತಿರ ಎಷ್ಟು ಕತ್ತಿ ಮಾಡಿಸಿದ್ದೇನೆ ನಾನು, ಒಂದು ತುಂಡಾಯಿತು." ಶೀನ ಮೂರು ಬೆರಳಿನ ಕೈಯನ್ನು ಲುಂಗಿಗೆ ಒರೆಸಿಕೊಂಡ. "ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ನೀವು ವಾರ್ಡಿನ ಬಾಗಿಲಿಗೆ ಬಂದು ಹಾಗೇ ಹೋದಿರಿ. ನನ್ನ ಹೆಂಡತಿ ನೋಡಿದ್ದಾಳೆ. ಕರೆಯಲಿಕ್ಕೆ ಅಂತ ಹೊರಗೆ ಬರುವಾಗ ನೀವು ಮೆಟ್ಟಿಲು ಇಳಿದಾಗಿತ್ತು. ಬರ್ತೀರಿ ಅಂತ ತುಂಬ ದಿನ ಕಾದೆ."

"ಬರಲಿಕ್ಕೆ ಮುಖ ಇರಲಿಲ್ಲ" ಎಂದರು ಆಚಾರ್ಯರು. "ತಪ್ಪು ನನ್ನದು. ಅದೃಷ್ಟದ್ದಲ್ಲ. ಮುರಿದ ಜಾಗ ನೋಡಿದ್ದೇನೆ ನಾನು. ಕಾವು ಹೆಚ್ಚಾಗಿ ಉಕ್ಕು ಸತ್ತಿತ್ತು. ಮಾಡುವಾಗಲೇ ಕೆಟ್ಟಿದ್ದ ಕತ್ತಿ ಅದು. ನಿಮ್ಮ ಕೈಗೆ ಹಾಗೇ ಕೊಟ್ಟೆ."

ಶೀನ ಪೂಜಾರಿ ಬೊಂಡದ ರಾಶಿಯ ಮೇಲೆ ಕೈಯೂರಿ ನಿಂತ. ಅವನ ಮುಖದಲ್ಲಿ ಏನೋ ಬದಲಾಗುತ್ತಿತ್ತು. ಸಿಟ್ಟು ಇರಬೇಕು ಎಂದು ಆಚಾರ್ಯರು ಗಟ್ಟಿಯಾಗಿ ನಿಂತರು.

"ನಿಜವಾ?" ಎಂದ ಶೀನ. "ಮಾಡುವಾಗಲೇ?"

"ನಿಜ."

"ಅದರ ಹಿಂದಿನ ದಿವಸ ನಾನು ಆ ಕತ್ತಿಯನ್ನು ಮರದಿಂದ ಬೀಳಿಸಿದ್ದೆ. ಕೆಳಗೆ ಕಲ್ಲು ಇತ್ತು. ಠಣ್ ಅಂತ ಶಬ್ದ ಬಂತು. ಎತ್ತಿ ನೋಡಿದೆ, ಎಂತ ಕಾಣಲಿಲ್ಲ, ಸೊಂಟಕ್ಕೆ ಸಿಕ್ಕಿಸಿದೆ." ಅವನ ದನಿ ತಗ್ಗಿತು. "ಮೇಲಿನಿಂದ ಬಿದ್ದ ಕತ್ತಿಯನ್ನು ಹಾಗೇ ಉಪಯೋಗಿಸಬಾರದು ಅಂತ ನನ್ನ ಅಪ್ಪ ಹೇಳ್ತಿದ್ದರು. ಹನ್ನೊಂದು ವರ್ಷ ನಾನು ಅದನ್ನೇ ಯೋಚಿಸ್ತಾ ಇದ್ದೆ ಆಚಾರ್ರೇ. ನನ್ನ ಬೆರಳು ನಾನೇ ಕಡಿದುಕೊಂಡೆ ಅಂತ. ಹೆಂಡತಿಗೂ ಹೇಳಿಲ್ಲ."

ಆಚಾರ್ಯರು ಬೆಂಚಿನ ಮೇಲೆ ಕೂತರು. ಒಳ್ಳೆಯ ಉಕ್ಕಿಗೆ ಅಂಥ ಪೆಟ್ಟಿನಿಂದ ಏನೂ ಆಗುವುದಿಲ್ಲ ಎಂಬುದನ್ನು ಅವರು ಮತ್ತೆ ಮತ್ತೆ ಹೇಳಿದರು. ಬೇಕಾದರೆ ಬರೆದು ಕೊಡುವವರ ಹಾಗೆ. ಶೀನ ಪ್ರತಿ ಸಲವೂ "ಹೌದಾ? ಹೌದಾ?" ಎಂದು ಕೇಳಿ, ಮತ್ತೊಮ್ಮೆ ಕೇಳಿಸಿಕೊಂಡ. ತಾನು ಹೆದರಿ ಕೂತ ಒಂದು ಮಾತು ಇನ್ನೊಬ್ಬನಿಗೆ ಇಷ್ಟು ಬೇಕಾಗಿತ್ತೇ ಎಂದು ಆಚಾರ್ಯರಿಗೆ ನಾಚಿಕೆಯಾಯಿತು. ಕ್ಷಮಿಸಿದೆ ಎಂದು ಶೀನ ಹೇಳಲಿಲ್ಲ. ಎರಡು ಬೊಂಡ ಕೆತ್ತಿ ಒಂದನ್ನು ಅವರಿಗೆ, ಇನ್ನೊಂದನ್ನು ಬ್ರಯಾನನಿಗೆ ಕೊಟ್ಟ. ಆಚಾರ್ಯರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು.

ಹೊರಡುವ ಮೊದಲು ಅವರ ಕಣ್ಣು ಕಟ್ಟೆಯ ಮೇಲಿದ್ದ ಕತ್ತಿಯ ಮೇಲೆ ನಿಂತಿತು. ಪೇಟೆಯ ಕತ್ತಿ. ಹಿಡಿ ಸಡಿಲವಾಗಿ ರಬ್ಬರಿನ ಪಟ್ಟಿ ಸುತ್ತಿದ್ದ. "ಇದರಲ್ಲಿ ಹೇಗೆ ಕೆತ್ತುತ್ತೀರಿ?" ಎಂದು ಬಾಯಿ ತಪ್ಪಿ ಕೇಳಿಬಿಟ್ಟರು.

"ಮತ್ತೆ ಎಂತ ಮಾಡುವುದು? ಕತ್ತಿ ಮಾಡುವವರು ಬಿಟ್ಟುಬಿಟ್ಟಿದ್ದಾರಲ್ಲ" ಎಂದ ಶೀನ ಪೂಜಾರಿ. ಅವನು ಮೊದಲ ಸಲ ನಕ್ಕದ್ದು ಆಗ.

ಮುಂದಿನ ಆದಿತ್ಯವಾರ ಶೀನನಿಗೊಂದು ಬೊಂಡದ ಕತ್ತಿ ಮಾಡಲು ಬೈಲೂರಿನ ಕುಲುಮೆಯಲ್ಲಿ ಬೆಂಕಿ ಹೊತ್ತಿತು. ಸುತ್ತಿಗೆ ಹಿಡಿದವನು ಬ್ರಯಾನ್. ಆಟದಲ್ಲಿ ಇಪ್ಪತ್ತು ವರ್ಷದ ಕಮ್ಮಾರನಾದ ಅವನಿಗೆ ಹತ್ತು ಪೆಟ್ಟಿಗೆ ಉಸಿರು ಸಿಕ್ಕಿಹಾಕಿಕೊಂಡಿತು, ಇಪ್ಪತ್ತು ಪೆಟ್ಟಿಗೆ ಅಂಗೈಯಲ್ಲಿ ಗುಳ್ಳೆ ಎದ್ದಿತು. ಆಚಾರ್ಯರು ಎಡಗೈಯಲ್ಲಿ ಇಕ್ಕಳ ಹಿಡಿದು ಕಬ್ಬಿಣವನ್ನು ತಿರುಗಿಸುತ್ತ, ಬಲಗೈ ಬೆರಳಿನಿಂದ ಎಲ್ಲಿ ಹೊಡೆಯಬೇಕೆಂದು ತೋರಿಸುತ್ತಿದ್ದರು. "ಹಲ್ಲು ಅಲ್ಲ ಮಾರಾಯ, ಕಬ್ಬಿಣ! ಹೊಡಿ!" ಚೈತಾಲಿ ತಿದಿಯ ಫ್ಯಾನು ತಿರುಗಿಸುತ್ತಿದ್ದವಳು, ನೀವು ಸುತ್ತಿಗೆ ಎತ್ತಿದರೆ ನೋಡಿ ಎಂದು ಮಾವನಿಗೆ ಕಣ್ಣು ಬಿಡುತ್ತಿದ್ದಳು. ಕಾವು ನೋಡುವ ಹೊತ್ತಿಗೆ ಆಚಾರ್ಯರು ಬಾಗಿಲು ಕಿಟಕಿ ಮುಚ್ಚಿಸಿದರು. ಅರೆಗತ್ತಲಲ್ಲಿ ಕಬ್ಬಿಣದ ಬಣ್ಣವನ್ನೇ ನೋಡುತ್ತ, ಹಿಂದೆಂದೂ ನೋಡದಷ್ಟು ಹೊತ್ತು ನೋಡಿದರು.

ಮೊದಲನೆಯದು ನೀರಿಗೆ ಅದ್ದಿದಾಗ ಟಿಕ್ ಎಂದಿತು. ಅಲಗಿನಲ್ಲಿ ಕೂದಲೆಳೆಯ ಬಿರುಕು. ಬ್ರಯಾನ್ ತಲೆ ಮೇಲೆ ಕೈ ಇಟ್ಟುಕೊಂಡ. ಆಚಾರ್ಯರು ಅದನ್ನು ಕಲ್ಲಿಗೆ ಹೊಡೆದು ತುಂಡು ಮಾಡಿ ಮೂಲೆಗೆ ಎಸೆದು, "ಇನ್ನೊಂದು ಪಟ್ಟಿ ತೆಗೆ" ಎಂದರು. ಎರಡನೆಯದು ನಿಂತಿತು. ಅದಕ್ಕೆ ಸಾಣೆ ಹಿಡಿದು, ಮೂರು ಬೆರಳಿನ ಕೈಯಿಂದ ಬೊಂಡ ಜಾರಿದರೂ ಬಲಗೈ ನಿಲ್ಲುವ ಹಾಗೆ ಹಿಡಿಯ ತುದಿಯನ್ನು ಸ್ವಲ್ಪ ಬಾಗಿಸಿ ಕೂರಿಸುವಷ್ಟರಲ್ಲಿ ಇನ್ನೊಂದು ವಾರ ಹೋಯಿತು.

ಶನಿವಾರದ ಆಟಕ್ಕೆ ಈಗ ಮೇಜಿನ ಸುತ್ತ ನಾಲ್ಕು ಕುರ್ಚಿ. ಪಳಗಿದ ಕಮ್ಮಾರನಿಗೂ ಪೂರ್ತಿ ಹಾಳಾಗಬಹುದು ಎಂಬ ನಿಯಮವನ್ನು ಚೈತಾಲಿ ಹಾಗೇ ಉಳಿಸಿದಳು. ಅದರ ಕೆಳಗೆ, ಹಾಗಾದಾಗ ಕಮ್ಮಾರನು ಕತ್ತಿ ಕೊಂಡವನ ಮನೆಗೆ ಹೋಗಲೇಬೇಕು, ಅಲ್ಲಿಂದ ಹೊಸ ಕಥೆ ಶುರುವಾಗಬೇಕು ಎಂದು ತಾನೇ ಸೇರಿಸಿದಳು. ಇದುವರೆಗೆ ನಾಲ್ಕೂ ಒಂದು ಯಾರಿಗೂ ಬಿದ್ದಿಲ್ಲ.

ಕತ್ತಿಯನ್ನು ಕಾಪುವಿಗೆ ಒಯ್ದದ್ದು ಆಚಾರ್ಯರು ಒಬ್ಬರೇ, ಉಡುಪಿಯಲ್ಲಿ ಬಸ್ಸು ಬದಲಿಸಿ. ಶೀನ ಪೂಜಾರಿ ಕಾಗದ ಬಿಚ್ಚಿ, ಕತ್ತಿಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮೀಟಿ ಶಬ್ದ ಕೇಳಿದ. ಹಳೆಯ ಮೂರ್ತೆದಾರರು ಹಾಗೆಯೇ ನೋಡುವುದು. ಆಮೇಲೆ ಒಂದು ಬೊಂಡ ಕೆತ್ತಿದ, ಎರಡು ಕೆತ್ತಿದ, ಮೂರನೆಯದನ್ನು ಕೆತ್ತಿ ನಿಲ್ಲಿಸಿದ.

"ಹಿಡಿ ಒಳ್ಳೆದುಂಟು" ಎಂದ. "ಮುಂದೆ ಸ್ವಲ್ಪ ಭಾರ ಆಯಿತು ಆಚಾರ್ರೇ. ಇಡೀ ದಿನ ಕೆತ್ತಿದರೆ ಭುಜ ನೋವು ಬರ್ತದೆ."

ಆಚಾರ್ಯರು ಕತ್ತಿ ತೆಗೆದುಕೊಂಡು ಎಡಗೈ ಬೆರಳಿನ ಮೇಲೆ ತೂಗಿ ನೋಡಿದರು. ಹೌದು, ಭಾರ ಮುಂದಕ್ಕಿತ್ತು. ಬೆನ್ನಿನ ಬದಿಯಿಂದ ಒಂದು ನೂಲಿನಷ್ಟು ತೆಗೆದರೆ ಸರಿಯಾಗುತ್ತದೆ. ಅವರು ಅದನ್ನು ಮತ್ತೆ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

"ಬರುವ ಆದಿತ್ಯವಾರ ತರ್ತೇನೆ" ಎಂದರು.

"ಹನ್ನೊಂದು ಗಂಟೆಯ ಮೇಲೆ ಬನ್ನಿ. ಊಟ ಮಾಡಿಕೊಂಡು ಹೋಗಬಹುದು" ಎಂದ ಶೀನ ಪೂಜಾರಿ, ಮತ್ತು ಕಾದು ನಿಂತಿದ್ದ ಗಿರಾಕಿಯತ್ತ ತಿರುಗಿದ.